ಇಂಗ್ಲಿಷಿನ ‘ಧೋಲ್’ ಕನ್ನಡದ ತೋಳವೇ?

(ಕಟ್ಟಾಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



‘ತೋಳ ಬಂತು ತೋಳ’ ಕಥೆ ಕೇಳದ ಕನ್ನಡದ ಮಗು ಇರಲಾರದು. ಕುರಿ ಕಾಯುವ ಹುಡುಗ ತಮಾಷೆಗೆಂದು ಎರಡು ಸಲ ಕೂಗಿದ. ಊರವರು ದೊಣ್ಣೆ ಹಿಡಿದು ಓಡಿಬಂದರು. ಮೂರನೆಯ ಸಲ ನಿಜವಾಗಿ ತೋಳ ಬಂದಾಗ ಯಾರೂ ಬರಲಿಲ್ಲ. ಕಥೆ ಗ್ರೀಸ್ ದೇಶದ ಈಸೋಪನದು. ಆದರೆ ಕನ್ನಡಕ್ಕೆ ಬಂದ ಮೇಲೆ ಅದು ನಮ್ಮ ಹಟ್ಟಿಯ ಕಥೆಯೇ ಆಗಿಹೋಗಿದೆ. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎಂಬ ಗಾದೆಯಂತೂ ಯಾರಿಂದಲೂ ಎರವಲು ತಂದದ್ದಲ್ಲ. ಜೀವಮಾನದಲ್ಲಿ ಒಮ್ಮೆಯೂ ತೋಳವನ್ನು ಕಾಣದವರ ಬಾಯಲ್ಲೂ ಆ ಹೆಸರು ನಲಿದಾಡುತ್ತಿರುತ್ತದೆ.

ಈ ತೋಳದ ಹೆಸರು ಇಂಗ್ಲಿಷ್ ನಿಘಂಟಿನಲ್ಲೂ ಕಾಣಿಸಿಕೊಂಡಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನಲ್ಲಿ ‘ಧೋಲ್’ ಎಂಬ ಪದವಿದೆ. ಡಿ, ಎಚ್, ಓ, ಎಲ್, ಇ ಎಂದು ಐದು ಅಕ್ಷರ. ಇಂಗ್ಲಿಷರು ಉಚ್ಚರಿಸುವುದು ‘ಡೋಲ್’ ಎಂದು. ಅರ್ಥ, ಏಷ್ಯಾದ ಕಾಡುನಾಯಿ. ಪದದ ಮೂಲವನ್ನು ಹೇಳುವ ಕಡೆ ಆ ನಿಘಂಟು ಕನ್ನಡದ ಹೆಸರನ್ನು ಎತ್ತುತ್ತದೆ. ಕನ್ನಡದಲ್ಲಿ ‘ತೋಳ’ ಎಂಬ ಪದವುಂಟು, ‘ಧೋಲ್’ ಅದರಿಂದ ಬಂದಿರಬಹುದು ಎನ್ನುತ್ತದೆ. ಗಮನಿಸಿ, ‘ಬಂದಿದೆ’ ಎನ್ನುವುದಿಲ್ಲ, ‘ಬಂದಿರಬಹುದು’ ಎನ್ನುತ್ತದೆ.

ಇಷ್ಟು ಸಿಕ್ಕಿದರೆ ಸಾಕು, ಅಭಿಮಾನಿಗಳು ‘ಇರಬಹುದು’ ಎಂಬುದನ್ನು ಬಿಟ್ಟು ಉಳಿದದ್ದನ್ನು ಊರೆಲ್ಲ ಸಾರಿಬಿಡುತ್ತಾರೆ. ‘ಇಂಗ್ಲಿಷಿಗೆ ಪದ ಕೊಟ್ಟ ಕನ್ನಡ’ ಎಂಬ ತಲೆಬರಹ ತಯಾರಾಗುತ್ತದೆ. ಅಭಿಮಾನ ತಪ್ಪಲ್ಲ. ಆದರೆ ಒಂದು ಪದದ ವಂಶವನ್ನು ಹೇಳುವುದಕ್ಕೂ ಜಮೀನಿನ ಹಕ್ಕನ್ನು ಹೇಳುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಪತ್ರ ಬೇಕು, ಸಾಕ್ಷಿ ಬೇಕು, ಮಧ್ಯದ ಕೊಂಡಿಗಳು ಕಳಚಿರಬಾರದು. ‘ಧೋಲ್’ ಪದದ ಪತ್ರಗಳನ್ನು ಬಿಚ್ಚಿ ನೋಡುವುದೇ ಈ ಮಾತಿನ ಉದ್ದೇಶ.

ಎರಡು ಪ್ರಾಣಿ, ಎರಡು ಸೀಮೆ

ಮೊದಲ ತೊಡಕು ಪದದಲ್ಲಿಲ್ಲ, ಪ್ರಾಣಿಯಲ್ಲೇ ಇದೆ. ಇಂಗ್ಲಿಷಿನ ‘ಧೋಲ್’ ತೋಳವಲ್ಲ. ಅದು ನಮ್ಮ ಸೀಳುನಾಯಿ. ಕಾಡುನಾಯಿ ಎಂದೂ ಕೆನ್ನಾಯಿ ಎಂದೂ ಕನ್ನಡದಲ್ಲಿ ಅದಕ್ಕೆ ಹೆಸರುಗಳಿವೆ.

ತೋಳದ ಮೈ ಬೂದು ಮಿಶ್ರಿತ ಕಂದು. ಅದು ಬಯಲಿನ ಪ್ರಾಣಿ. ಹುಲ್ಲುಗಾವಲು, ಕುರುಚಲು ಗಿಡ, ಬೋರೆಗಳಲ್ಲಿ ಅದರ ಓಡಾಟ. ಕುರಿಮಂದೆಯ ಸುತ್ತ ಅದರ ಕಣ್ಣು. ಕುರಿಗಾಹಿಗೆ ಅದು ದಿನನಿತ್ಯದ ಶತ್ರು. ರಾತ್ರಿ ರೊಪ್ಪದ ಬೇಲಿಗೆ ಮುಳ್ಳು ಹೊದಿಸುವುದು ತೋಳದ ಭಯಕ್ಕೇ. ಸೀಳುನಾಯಿಯ ಮೈ ಕೆಂಪು, ಬಾಲ ಕಪ್ಪು ಮತ್ತು ಪೊದೆಪೊದೆ. ಅದು ಕಾಡಿನ ಪ್ರಾಣಿ. ಗುಂಪು ಕಟ್ಟಿಕೊಂಡು ಜಿಂಕೆ, ಕಡವೆಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ತೋಳ ಊಳಿಡುತ್ತದೆ, ಸೀಳುನಾಯಿಗಳು ಸಿಳ್ಳೆ ಹಾಕಿದಂಥ ದನಿಯಿಂದ ಒಂದನ್ನೊಂದು ಕರೆಯುತ್ತವೆ. ಬಾಯಿ ಬಿಡಿಸಿ ಎಣಿಸಿದರೆ ತೋಳಕ್ಕೆ 42 ಹಲ್ಲು, ಸೀಳುನಾಯಿಗೆ 40. ತೋಳ ಮತ್ತು ಮನೆಯ ನಾಯಿ ಒಂದೇ ಕುಲದವು. ಸೀಳುನಾಯಿಯನ್ನು ಪ್ರಾಣಿಶಾಸ್ತ್ರಜ್ಞರು ‘ಕುಯಾನ್’ ಎಂಬ ಬೇರೆಯೇ ಕುಲದಲ್ಲಿ ಇಟ್ಟಿದ್ದಾರೆ.

ಹಾಸನ ಜಿಲ್ಲೆಯ ಜನಕ್ಕೆ ಈ ವ್ಯತ್ಯಾಸ ಪುಸ್ತಕದಿಂದ ಕಲಿಯಬೇಕಾದುದಲ್ಲ. ಕಟ್ಟಾಯದಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ದೂರದಲ್ಲಿ ಸಕಲೇಶಪುರ, ಬಿಸಿಲೆಯ ಘಟ್ಟದ ಕಾಡು. ಅದು ಸೀಳುನಾಯಿಯ ಸೀಮೆ. ಮೂಡಣಕ್ಕೆ ತಿರುಗಿದರೆ ಚನ್ನರಾಯಪಟ್ಟಣದ ಕಡೆಯ ಬಯಲು. ಅಂಥ ಬಯಲು ತೋಳಕ್ಕೆ ಹೇಳಿಸಿದ್ದು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಇಂಥ ನಡುನಾಡಿನಲ್ಲಿ ಎರಡೂ ಹೆಸರುಗಳು ಒಟ್ಟಿಗೆ ಬಾಳಿವೆ. ಎರಡನ್ನೂ ಬಲ್ಲವರು ಒಂದನ್ನು ಇನ್ನೊಂದೆಂದು ಕರೆಯಲಾರರು.

ಹಾಗಿದ್ದ ಮೇಲೆ ‘ಧೋಲ್’ ಎಂಬುದು ‘ತೋಳ’ದಿಂದಲೇ ಬಂದಿದ್ದರೆ, ಯಾರೋ ಒಬ್ಬ ಇಂಗ್ಲಿಷಿನವನು ಒಂದು ಪ್ರಾಣಿಯ ಹೆಸರನ್ನು ತೆಗೆದು ಇನ್ನೊಂದಕ್ಕೆ ತಗುಲಿಸಿದ್ದಾನೆ ಎಂದಾಯಿತು. ಕನ್ನಡ ಇಂಗ್ಲಿಷಿಗೆ ಪದ ಕೊಟ್ಟಿದ್ದರೂ ಅದು ತಪ್ಪು ವಿಳಾಸಕ್ಕೆ ಮುಟ್ಟಿದ ಕಾಗದದಂತೆ!

ಮೊದಲು ಬರೆದವರು ಯಾರು?

‘ಧೋಲ್’ ಇಂಗ್ಲಿಷ್ ಪುಸ್ತಕಗಳಲ್ಲಿ ತಲೆಹಾಕಿದ್ದು 19ನೇ ಶತಮಾನದ ಮೊದಲ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಎಂಬಾತ ‘ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್’ ಎಂಬ ಬೇಟೆಯ ಪುಸ್ತಕ ಬರೆದ. ಸುಂದರವಾದ ಬಣ್ಣದ ಚಿತ್ರಗಳಿದ್ದ ಈ ಪುಸ್ತಕ 1807-08ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ರಾಮಗಢ ಸೀಮೆಯಲ್ಲಿ ತಾನು ಕಂಡ ಕಾಡುನಾಯಿಗಳನ್ನು ವಿಲಿಯಮ್ಸನ್ ವರ್ಣಿಸಿ, ಅಲ್ಲಿಯವರು ಅವಕ್ಕೆ ‘ಧೋಲ್’ ಎನ್ನುತ್ತಾರೆ ಎಂದು ಬರೆದ. ಈ ರಾಮಗಢ ಇಂದಿನ ಜಾರ್ಖಂಡ್ ರಾಜ್ಯದಲ್ಲಿದೆ. ಹಾಸನದಿಂದ ನೇರ ಗೆರೆ ಎಳೆದರೂ ಸುಮಾರು 1500 ಕಿಲೋಮೀಟರು.

ಮುಂದೆ 1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಎಂಬ ಪ್ರಾಣಿಶಾಸ್ತ್ರದ ಲೇಖಕ ಈ ಹೆಸರನ್ನು ಎತ್ತಿಕೊಂಡ. ಪೂರ್ವದೇಶಗಳ ಹಲವು ಕಡೆ ಇದು ಬಳಕೆಯಲ್ಲಿದೆ ಎಂದ. ಹಲವು ಕಡೆ ಎಂದರೆ ಎಲ್ಲಿ, ಯಾವ ಭಾಷೆಯಲ್ಲಿ ಎಂಬುದು ಸ್ಪಷ್ಟವಾಗಲಿಲ್ಲ. ಆಮೇಲೆ ಅದೇ ಲೇಖಕ ತುರ್ಕಿ ಭಾಷೆಯಲ್ಲಿ ‘ಹುಚ್ಚ’ ಎಂಬ ಅರ್ಥವಿರುವ ‘ದೆಲಿ’ ಎಂಬ ಪದಕ್ಕೂ, ಅದೇ ಅರ್ಥದ ಡಚ್ ಭಾಷೆಯ ‘ದೊಲ್’ ಎಂಬ ಪದಕ್ಕೂ ಇದನ್ನು ಗಂಟು ಹಾಕಿದ. ದನಿ ಹತ್ತಿರ, ಕಾಡುನಾಯಿಯೋ ಹುಚ್ಚುಹುಚ್ಚಾಗಿ ಬೇಟೆಯಾಡುತ್ತದೆ; ಇನ್ನೇನು ಬೇಕು ಎಂದುಕೊಂಡಿರಬೇಕು. ನಂತರದ ವಿದ್ವಾಂಸರು ಇದನ್ನು ಒಪ್ಪಲಿಲ್ಲ.

ಸುಮಾರು 80 ವರ್ಷಗಳ ಮೇಲೆ, 1907ರಲ್ಲಿ, ಭಾರತದ ಬೇಟೆಪ್ರಾಣಿಗಳ ಬಗ್ಗೆ ಪುಸ್ತಕ ಪ್ರಕಟಿಸಿದ ರಿಚರ್ಡ್ ಲಿಡೆಕ್ಕರ್ ಇನ್ನೊಂದು ಬಾಂಬು ಹಾಕಿದ. ಈ ಪ್ರಾಣಿ ವಾಸಿಸುವ ಸೀಮೆಗಳ ಜನ ‘ಧೋಲ್’ ಎಂಬ ಹೆಸರನ್ನು ಬಳಸುವುದೇ ಇಲ್ಲ ಎಂದ! ಅದು ನಿಜವೂ ಹೌದು. ಹಿಂದಿಯವರು ಸೋನ್‌ಕುತ್ತಾ ಎನ್ನುತ್ತಾರೆ, ಅಂದರೆ ಹೊನ್ನಿನ ಬಣ್ಣದ ನಾಯಿ. ಮರಾಠಿಯಲ್ಲಿ ಕೋಳಸುಂದ. ತಮಿಳಿನಲ್ಲಿ ಚೆನ್ನಾಯ್. ನೇಪಾಳದಲ್ಲಿ ಬುವಾನ್ಸು. ಎಲ್ಲೂ ‘ಧೋಲ್’ ಇಲ್ಲ.

ಇಷ್ಟರಲ್ಲಿ ಪದ ಮಾತ್ರ ಭದ್ರವಾಗಿ ಬೇರೂರಿಬಿಟ್ಟಿತ್ತು. ರುಡ್ಯಾರ್ಡ್ ಕಿಪ್ಲಿಂಗ್ 1895ರ ‘ಸೆಕೆಂಡ್ ಜಂಗಲ್ ಬುಕ್’ನಲ್ಲಿ ‘ರೆಡ್ ಡಾಗ್’ ಎಂಬ ಕಥೆ ಸೇರಿಸಿದ. ಮೌಗ್ಲಿಯನ್ನು ಸಾಕಿದ ತೋಳಗಳ ಮೇಲೆ ದಖ್ಖನ್ನಿನ ಕಡೆಯಿಂದ ಕೆಂಪು ನಾಯಿಗಳ ದಂಡು ನುಗ್ಗಿ ಬರುವ ಕಥೆ ಅದು. ಆ ಕೆಂಪು ನಾಯಿಗಳಿಗೆ ಕಿಪ್ಲಿಂಗ್ ಬಳಸಿದ ಹೆಸರು ‘ಧೋಲ್’. ಲೋಕವೆಲ್ಲ ಆ ಪುಸ್ತಕ ಓದಿತು. ಕುತೂಹಲಕರವೆಂದರೆ, ನಿಘಂಟಿನ ಊಹೆ ನಿಜವಾಗಿದ್ದರೆ ಆ ಕಥೆಯಲ್ಲಿ ತೋಳಗಳ ಮೇಲೆ ದಂಡೆತ್ತಿ ಬಂದವರು ತೋಳದ ಹೆಸರನ್ನೇ ಹೊತ್ತು ಬಂದಿದ್ದರು.

ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ

ಇನ್ನು ಸಾಕ್ಷಿಯ ಪ್ರಶ್ನೆ. ಎರಡು ಪದಗಳು ಒಂದೇ ಬಗೆಯಾಗಿ ಕೇಳಿಸಿದರೆ ಅವು ಸಂಬಂಧಿಗಳೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲಾ ಕೇಂದ್ರದ ಹೆಸರನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ಹಾಸನವನ್ನು ಎರಡು ‘ಎಸ್’ ಹಾಕಿ, ಕೊನೆಯ ಸ್ವರ ತೆಗೆದು ಬರೆಯುತ್ತಾರೆ. ಹೊರಗಿನವರು ಅದನ್ನು ಓದಿ ‘ಹಸನ್’ ಎಂಬ ಅರಬ್ಬೀ ಹೆಸರಿನಿಂದ ಬಂದ ಊರಿರಬೇಕು ಎಂದುಕೊಳ್ಳುತ್ತಾರೆ. ಸ್ಥಳಪುರಾಣ ಹೇಳುವುದು ಹಾಸನಾಂಬೆಯ ಊರು ಎಂದು. ಸಿಂಹಾಸನಪುರ ಎಂಬ ಮಾತೂ ಉಂಟು. ಅರಬ್ಬೀ ಹೆಸರಿಗೂ ಇದಕ್ಕೂ ಕಾಗುಣಿತದ ಹೋಲಿಕೆಯ ಹೊರತು ಬೇರೇನೂ ಇಲ್ಲ. ಕಟ್ಟಾಯದ ಪಾಡೂ ಅಷ್ಟೆ. ರೋಮನ್ ಲಿಪಿಯಲ್ಲಿ ಬರೆದರೆ ಕಟ್ಟಾಯವೋ, ಕತ್ತಾಯವೋ, ಕಟ್ಟಯವೋ ಹೊಸಬನಿಗೆ ತಿಳಿಯದು. ಆ ಲಿಪಿಯಲ್ಲಿ ‘ಟ’ಕ್ಕೂ ‘ತ’ಕ್ಕೂ ಒಂದೇ ಅಕ್ಷರ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ತೋಳದಲ್ಲೇ ಸಿಗುತ್ತದೆ. ಸಂಸ್ಕೃತದಲ್ಲಿ ತೋಳಕ್ಕೆ ‘ವೃಕ’ ಎನ್ನುತ್ತಾರೆ. ಭೀಮನಿಗೆ ವೃಕೋದರ ಎಂಬ ಹೆಸರು ಬಂದದ್ದು ಅದರಿಂದಲೇ. ತೋಳದಂಥ ಹೊಟ್ಟೆಯುಳ್ಳವನು ಎಂದು. ಇಂಗ್ಲಿಷಿನಲ್ಲಿ ತೋಳಕ್ಕೆ ‘ವುಲ್ಫ್’. ಕಿವಿಗೆ ಎರಡರಲ್ಲಿ ಹೆಚ್ಚು ಹೋಲಿಕೆ ಕಾಣುವುದಿಲ್ಲ. ಆದರೂ ಅವೆರಡೂ ಒಂದೇ ತಾಯಿಬೇರಿನ ಮಕ್ಕಳು. ಗ್ರೀಕಿನ ‘ಲೂಕೋಸ್’, ಲ್ಯಾಟಿನ್ನಿನ ‘ಲೂಪುಸ್’ ಕೂಡ ಅದೇ ಬಳಗ. ಯಾವ ಭಾಷೆಯಲ್ಲಿ ಯಾವ ದನಿ ಹೇಗೆ ಬದಲಾಗುತ್ತದೆ ಎಂಬ ನಿಯಮಗಳನ್ನು ನೂರಾರು ಪದಗಳಲ್ಲಿ ಒರೆಗೆ ಹಚ್ಚಿ ವಿದ್ವಾಂಸರು ಇದನ್ನು ಕಂಡುಕೊಂಡಿದ್ದಾರೆ.

ಅಂಥ ನಿಯಮ ನಮ್ಮ ಭಾಷೆಗಳಲ್ಲೂ ಉಂಟು. ಕನ್ನಡದ ಕಿವಿ ತಮಿಳಿನಲ್ಲಿ ಚೆವಿ. ಹಳಗನ್ನಡದ ಕೆಯ್, ಅಂದರೆ ಮಾಡು ಎಂಬುದು, ತಮಿಳಿನಲ್ಲಿ ಚೆಯ್. ಹಾಗೆಯೇ ಕನ್ನಡದ ಕೆನ್ನಾಯಿ ತಮಿಳಿನಲ್ಲಿ ಚೆನ್ನಾಯ್. ಕನ್ನಡ ‘ಕ’ಕಾರವನ್ನು ಉಳಿಸಿಕೊಂಡ ಕಡೆ ತಮಿಳು, ಮಲಯಾಳಗಳು ‘ಚ’ಕಾರಕ್ಕೆ ಹೊರಳಿವೆ. ಒಂದು ಪದದಲ್ಲಿ ಕಂಡರೆ ಅದು ಆಕಸ್ಮಿಕ. ಸಾಲು ಸಾಲು ಪದಗಳಲ್ಲಿ ಕಂಡರೆ ಅದು ನೆಂಟಸ್ತಿಕೆ.

ಅಡಿಕೆ ಹೋದ ದಾರಿ

ಇಂಥ ನೆಂಟಸ್ತಿಕೆಯ ಜತೆಗೆ, ಒಂದು ಭಾಷೆ ಇನ್ನೊಂದರಿಂದ ಪದವನ್ನು ಎರವಲು ಪಡೆಯುವುದೂ ಉಂಟು. ಎರವಲನ್ನು ತೋರಿಸಲು ಮೂರು ಸಾಕ್ಷಿ ಬೇಕು. ದನಿ ಹೇಗೆ ಬದಲಾಯಿತು, ಅರ್ಥ ಹೇಗೆ ದಾಟಿತು, ಪದ ಯಾವ ದಾರಿಯಲ್ಲಿ ಹೋಯಿತು? ಮೂರೂ ಸರಿಯಾಗಿ ಸಿಕ್ಕಿರುವ ಒಂದು ಪದ ನಮ್ಮ ಎಲೆಯಡಿಕೆ ತಟ್ಟೆಯಲ್ಲೇ ಇದೆ.

ಇಂಗ್ಲಿಷಿನಲ್ಲಿ ಅಡಿಕೆ ಮರಕ್ಕೆ ‘ಅರೆಕ’ ಎನ್ನುತ್ತಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅದಕ್ಕೆ ಇಟ್ಟ ಶಾಸ್ತ್ರೀಯ ಹೆಸರು ‘ಅರೆಕ ಕಟೆಚು’. ಕನ್ನಡದಲ್ಲಿ ಅಡಿಕೆ, ಮಲಯಾಳದಲ್ಲಿ ಅಡಯ್ಕ, ತಮಿಳಿನಲ್ಲಿ ಅಡೈಕ್ಕಾಯ್. ‘ಡ’ಕಾರ ಯುರೋಪಿನವರ ಕಿವಿಗೆ ಎಷ್ಟೋ ಸಲ ‘ರ’ಕಾರವಾಗಿ ಕೇಳಿಸುತ್ತದೆ. ಹಿಂದಿಯ ಕರೋಡ್ ಇಂಗ್ಲಿಷಿನಲ್ಲಿ ಕ್ರೋರ್ ಆದದ್ದು, ಸಾಡಿ ಸಾರಿಯಾದದ್ದು ಹೀಗೆಯೇ. ಅರ್ಥದಲ್ಲಿ ಗೊಂದಲವಿಲ್ಲ, ಅಡಿಕೆ ಎಂದರೆ ಅಡಿಕೆಯೇ. ದಾರಿಯೂ ಸ್ಪಷ್ಟ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ಪೋರ್ಚುಗೀಸರ ಬರಹಗಳಲ್ಲಿ ‘ಅರೆಕ’ ಕಾಣಿಸಿಕೊಂಡಿತು. ಪೋರ್ಚುಗೀಸಿನಿಂದ ಅದು ಇಂಗ್ಲಿಷಿಗೆ ಹೋಯಿತು.

ಇಷ್ಟಾದರೂ ಹೆಚ್ಚಿನ ನಿಘಂಟುಗಳು ಈ ಪದದ ಮೂಲ ಮಲಯಾಳ ಎನ್ನುತ್ತವೆ, ಕನ್ನಡ ಎನ್ನುವುದಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೇಸರವಾಗಬಹುದು. ಆದರೆ ಪೋರ್ಚುಗೀಸರು ಮೊದಲು ಕಾಲಿಟ್ಟು ವ್ಯಾಪಾರ ಕುದುರಿಸಿದ್ದು ಮಲಬಾರಿನ ರೇವುಗಳಲ್ಲಿ. ಪದ ಎಷ್ಟೇ ನಮ್ಮದಾಗಿದ್ದರೂ ಅವರು ಕೇಳಿದ್ದು ಯಾರ ಬಾಯಿಂದ ಎಂಬುದು ಮುಖ್ಯ. ದಾರಿಯ ಸಾಕ್ಷಿ ಅಭಿಮಾನಕ್ಕಿಂತ ದೊಡ್ಡದು. ಅಡಿಕೆಯಲ್ಲಿ ಈ ನ್ಯಾಯವನ್ನು ಒಪ್ಪಿದವರು ತೋಳದಲ್ಲೂ ಒಪ್ಪಬೇಕಾಗುತ್ತದೆ.

ತೋಳವನ್ನು ಒರೆಗೆ ಹಚ್ಚಿದಾಗ

ಮೊದಲು ದನಿ. ಇದು ತೋಳದ ಪರವಾಗಿಯೇ ಇದೆ. ಇಂಗ್ಲಿಷರು ಪದದ ಮೊದಲಲ್ಲಿ ‘ಟಿ’ ಅಕ್ಷರವನ್ನು ಉಚ್ಚರಿಸುವಾಗ ಒಂದಿಷ್ಟು ಉಸಿರು ಹೊರಬರುತ್ತದೆ. ನಮ್ಮ ‘ತ’ಕಾರದಲ್ಲಿ ಆ ಉಸಿರಿಲ್ಲ. ಹೀಗಾಗಿ ನಾವು ‘ತ’ ಎಂದದ್ದು ಅವರ ಕಿವಿಗೆ ‘ಡಿ’ ಎಂದು ಕೇಳಿಸುವುದು ಸಾಧ್ಯ. ‘ಳ’ಕಾರ ಅವರ ಭಾಷೆಯಲ್ಲಿಲ್ಲ, ಅದು ‘ಲ’ ಆಗಲೇಬೇಕು. ಕೊನೆಯ ‘ಅ’ ಬಿದ್ದುಹೋಗುವುದಕ್ಕೆ ಹಾಸನವೇ ಸಾಕ್ಷಿ. ಇನ್ನು ‘ಡಿ’ಯ ಪಕ್ಕದ ‘ಎಚ್’ ಎಲ್ಲಿಂದ ಬಂತು? ದಕ್ಷಿಣದಲ್ಲಿ ಇಂದಿಗೂ ಲತಾ, ಗೀತಾ ಎಂಬ ಹೆಸರುಗಳಿಗೆ ‘ಟಿ’ಯ ಜತೆ ‘ಎಚ್’ ಸೇರಿಸುತ್ತೇವೆ. ಅದು ಮಹಾಪ್ರಾಣವೆಂದಲ್ಲ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳಿ ಎಂಬ ಸೂಚನೆ. ಆದರೆ ವಿಲಿಯಮ್ಸನ್ ಇದ್ದದ್ದು ಬಂಗಾಳ ಸೇನೆಯಲ್ಲಿ. ಉತ್ತರದ ರೂಢಿಯಲ್ಲಿ ‘ಎಚ್’ ಎಂದರೆ ಮಹಾಪ್ರಾಣವೇ. ಆ ಒಂದು ಅಕ್ಷರ ಉತ್ತರದ ಕಡೆಗೇ ಬೆರಳು ತೋರಿಸುತ್ತದೆ.

ಎರಡನೆಯದು ಅರ್ಥ. ತೋಳದ ಹೆಸರು ಕಾಡುನಾಯಿಗೆ ಹೋಗುವುದು ಸಾಧ್ಯವೇ? ಖಂಡಿತ ಸಾಧ್ಯ. ಪಕ್ಕದ ಕೇರಳದಲ್ಲಿ ಇದರ ತಿರುಗುಮುರುಗು ನಡೆದಿದೆ. ಮಲಯಾಳದಲ್ಲಿ ‘ಚೆನ್ನಾಯ’ ಎಂದರೆ ಅಕ್ಷರಶಃ ಕೆಂಪು ನಾಯಿ. ಆದರೆ ಇಂದು ಸಾಮಾನ್ಯ ಮಾತಿನಲ್ಲಿ ಆ ಪದಕ್ಕೆ ತೋಳ ಎಂದೇ ಅರ್ಥ. ಕನ್ನಡದಲ್ಲೂ ‘ಕಿರುಬ’ ಎಂಬ ಹೆಸರು ಒಂದು ಕಡೆ ಚಿರತೆಗೆ, ಇನ್ನೊಂದು ಕಡೆ ಕತ್ತೆಕಿರುಬಕ್ಕೆ ಸಲ್ಲುತ್ತದೆ. ಒಂದು ಪ್ರಾಣಿ ಅಪರೂಪವಾದ ಕಡೆ ಅದರ ಹೆಸರು ಪಕ್ಕದ ಪ್ರಾಣಿಗೆ ಜಾರುತ್ತದೆ. ಊರಿನವರೇ ಹೀಗೆ ಮಾಡುವಾಗ, ಭಾಷೆ ಬಾರದ ಬೇಟೆಗಾರನೊಬ್ಬ ತೋಳವೆಂದು ಕೇಳಿ ಕಾಡುನಾಯಿಯೆಂದು ತಿಳಿದರೆ ಆಶ್ಚರ್ಯವಿಲ್ಲ.

ಮೂರನೆಯದು ದಾರಿ. ತೊಡಕಿರುವುದು ಇಲ್ಲಿ. ಕನ್ನಡದ ಪದ ರಾಮಗಢವನ್ನು ಮುಟ್ಟಿದ್ದು ಹೇಗೆ? ದಾರಿ ಇರಲಿಲ್ಲ ಎನ್ನುವಂತಿಲ್ಲ. ಟಿಪ್ಪು ಸುಲ್ತಾನನ ಮೇಲೆ 1790-92ರಲ್ಲಿ ಮತ್ತು 1799ರಲ್ಲಿ ನಡೆದ ಯುದ್ಧಗಳಲ್ಲಿ ಕಂಪನಿಯ ಬಂಗಾಳದ ಪಡೆಗಳೂ ದಕ್ಷಿಣಕ್ಕೆ ಬಂದಿದ್ದವು. ಅವು ವಾಪಸು ಹೋಗುವಾಗ ಲೂಟಿಯ ಜತೆ ನಾಲ್ಕಾರು ಮಾತುಗಳನ್ನೂ ಒಯ್ದಿರಬಹುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಬೆಳೆ, ಕಸುಬು, ಜಾತಿ, ಮರಮಟ್ಟುಗಳ ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡ. ಆ ಪುಸ್ತಕ ಮೂರು ಸಂಪುಟಗಳಲ್ಲಿ ಅಚ್ಚಾದದ್ದು 1807ರಲ್ಲಿ. ಅಂದರೆ ಕನ್ನಡದ ಮಾತುಗಳು ಇಂಗ್ಲಿಷರ ಕಿವಿಗೆ ಬೀಳುತ್ತಿದ್ದ ಕಾಲ ಅದೇ.

ಆದರೆ ದಾರಿ ಇದ್ದ ಮಾತ್ರಕ್ಕೆ ಯಾರೋ ನಡೆದುಹೋದರು ಎನ್ನಲಾಗದು. ಹೆಜ್ಜೆಯ ಗುರುತು ಬೇಕು. ಮೈಸೂರು ಸೀಮೆಯಲ್ಲಿ ಯಾವನಾದರೂ ಇಂಗ್ಲಿಷಿನವನು ವಿಲಿಯಮ್ಸನ್‌ಗಿಂತ ಮೊದಲು ಕಾಡುನಾಯಿಗೆ ಈ ಹೆಸರು ಕೊಟ್ಟು ಬರೆದ ಕಾಗದ ಈವರೆಗೆ ಎದುರಿಗೆ ಬಂದಿಲ್ಲ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ರಾಮಗಢವಿರುವ ಛೋಟಾ ನಾಗಪುರದ ಸೀಮೆಯಲ್ಲಿ ಒರಾಂವ್ ಜನ ಆಡುವ ಕುಡುಖ್ ಎಂಬ ಭಾಷೆಯಿದೆ. ಅದು ಕನ್ನಡ, ತಮಿಳುಗಳಂತೆ ದ್ರಾವಿಡ ಬಳಗದ್ದು. ಸಂತಾಲಿ, ಮುಂಡಾರಿಗಳಂಥ ಬೇರೆ ಬಳಗದ ಭಾಷೆಗಳೂ ಅಲ್ಲಿವೆ. ಅಲ್ಲಿಯವರೇ ಹೇಳಿದ ಹೆಸರು ಎಂದು ವಿಲಿಯಮ್ಸನ್ ಬರೆದಿರುವಾಗ, ಮೊದಲು ಹುಡುಕಬೇಕಾದದ್ದು ಅಲ್ಲಿಯವರ ಬಾಯಲ್ಲಿ. ನಮ್ಮ ತೋಳವನ್ನು ಅಲ್ಲಿಗೆ ಅಟ್ಟುವ ಮುನ್ನ ಅಲ್ಲಿನ ನಾಲಗೆಗಳನ್ನು ವಿಚಾರಿಸುವುದು ನ್ಯಾಯ.

ಹೀಗೆ ಮೂರು ಸಾಕ್ಷಿಗಳಲ್ಲಿ ಎರಡು ಒಪ್ಪುವಂತಿವೆ, ಒಂದು ಇಲ್ಲ. ನಿಘಂ‍ಟಿನವರು ‘ಇರಬಹುದು’ ಎಂದದ್ದು ಕನ್ನಡದ ಮೇಲಿನ ಅನಾದರದಿಂದಲ್ಲ. ಸಾಕ್ಷಿ ಎಷ್ಟಿದೆಯೋ ಅಷ್ಟೇ ಮಾತು ಆಡಿದ್ದಾರೆ.

ಕಾಂಗರೂ ಕಲಿಸಿದ ಪಾಠ

ಹಾಗಾದರೆ ಇಂಥ ವ್ಯಾಜ್ಯಗಳು ಎಂದೂ ತೀರ್ಮಾನವಾಗುವುದಿಲ್ಲವೇ? ಆಗುತ್ತವೆ. ಆಸ್ಟ್ರೇಲಿಯಾದ ಕಾಂಗರೂವಿನ ಕಥೆ ನೋಡಿ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗು 1770ರಲ್ಲಿ ಹವಳದ ದಿಬ್ಬಕ್ಕೆ ಬಡಿದು, ದುರಸ್ತಿಗಾಗಿ ಆ ದೇಶದ ಈಶಾನ್ಯದ ಒಂದು ನದಿಯ ದಡದಲ್ಲಿ ನಿಂತಿತು. ಅಲ್ಲಿ ಕಂಡ ವಿಚಿತ್ರ ಪ್ರಾಣಿಯ ಹೆಸರನ್ನು ಸ್ಥಳೀಯರಿಂದ ಕೇಳಿ ‘ಕಾಂಗರೂ’ ಎಂದು ಬರೆದುಕೊಂಡರು. ಮುಂದೆ ಸಿಡ್ನಿಯ ಕಡೆ ನೆಲೆಸಿದ ಇಂಗ್ಲಿಷರು ಅಲ್ಲಿನ ಮೂಲನಿವಾಸಿಗಳನ್ನು ವಿಚಾರಿಸಿದರೆ ಅವರಿಗೆ ಆ ಪದವೇ ಗೊತ್ತಿಲ್ಲ! 1820ರಲ್ಲಿ ಫಿಲಿಪ್ ಕಿಂಗ್ ಎಂಬ ನಾವಿಕ ಅದೇ ನದಿಗೆ ಹೋಗಿ ಕೇಳಿದಾಗ ಸಿಕ್ಕಿದ್ದು ಬೇರೆಯೇ ಹೆಸರು. ಅಲ್ಲಿಗೆ, ಕುಕ್ ತಪ್ಪು ಕೇಳಿಸಿಕೊಂಡಿರಬೇಕು ಎಂಬ ಮಾತು ಹಬ್ಬಿತು. ‘ನನಗೆ ಗೊತ್ತಿಲ್ಲ’ ಎಂದು ಸ್ಥಳೀಯ ಹೇಳಿದ್ದನ್ನೇ ಪ್ರಾಣಿಯ ಹೆಸರೆಂದು ಬರೆದುಕೊಂಡರಂತೆ ಎಂಬ ನಗೆಹನಿಯೂ ಹುಟ್ಟಿತು. ಇಂದಿಗೂ ಅದನ್ನು ನಿಜವೆಂದು ನಂಬಿದವರಿದ್ದಾರೆ.

1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಿದ್ವಾಂಸರು ಅದೇ ಸೀಮೆಗೆ ಹೋಗಿ, ಗೂಗು ಯಿಮಿದಿರ್ ಎಂಬ ಆ ಜನರ ಭಾಷೆಯನ್ನು ಕಲಿತರು. ‘ಗಂಗುರು’ ಎಂಬ ಪದ ಅಲ್ಲಿ ಇತ್ತು. ಅದು ಎಲ್ಲ ಕಾಂಗರೂಗಳ ಹೆಸರಲ್ಲ, ದೊಡ್ಡ ಜಾತಿಯ ಒಂದರ ಹೆಸರು ಮಾತ್ರ. ಕುಕ್ ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು. ಸಿಡ್ನಿಯವರ ಭಾಷೆ ಬೇರೆ, ಆದ್ದರಿಂದ ಅವರಿಗೆ ತಿಳಿದಿರಲಿಲ್ಲ.

ಸುಮಾರು 200 ವರ್ಷಗಳ ಗೊಂದಲ ಬಗೆಹರಿದದ್ದು ಆ ಊರಿಗೇ ಹೋಗಿ, ಅಲ್ಲಿಯ ಜನರ ಬಳಿ ಕುಳಿತು ಕೇಳಿದ್ದರಿಂದ. ಪದ ಇನ್ನೂ ಬದುಕಿದ್ದದ್ದು ಅವರ ಅದೃಷ್ಟ. ಆ ಭಾಷೆ ಅಷ್ಟರಲ್ಲಿ ಅಳಿದಿದ್ದರೆ ನಗೆಹನಿಯೇ ಇತಿಹಾಸವಾಗಿ ಉಳಿಯುತ್ತಿತ್ತು. ಲಿಡೆಕ್ಕರ್‌ನ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ನೂರಾರು ಭಾಷೆಗಳ ಈ ದೇಶದಲ್ಲಿ ಒಂದು ಪದ ಹತ್ತು ಕಡೆ ಇಲ್ಲವೆಂದರೆ ಹನ್ನೊಂದನೆಯ ಕಡೆ ಇಲ್ಲವೆಂದು ಅರ್ಥವಲ್ಲ.

ಹೆಸರೂ ಹೋಗುತ್ತದೆ, ಪ್ರಾಣಿಯೂ ಹೋಗುತ್ತದೆ

ಇದರಿಂದ ಕಟ್ಟಾಯಕ್ಕೇನು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಸೀಳುನಾಯಿಯನ್ನು ಬ್ರಿಟಿಷರ ಕಾಲದಲ್ಲಿ ಪೀಡೆಯೆಂದು ಬಗೆದು, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಬೇಟೆಯ ಪ್ರಾಣಿಗಳನ್ನು ತಿಂದು ಮುಗಿಸುತ್ತದೆ ಎಂಬುದು ಅದರ ಮೇಲಿದ್ದ ಆಪಾದನೆ. ಇನಾಮಿನ ಪದ್ಧತಿ ದೇಶದಲ್ಲಿ ನಿಂತದ್ದು 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ನಮ್ಮ ಬಂಡೀಪುರದಲ್ಲೇ ಇದ್ದು ಅವುಗಳ ಬೇಟೆ, ಸಂಸಾರಗಳನ್ನು ಅಭ್ಯಾಸ ಮಾಡಿದ ಮೇಲೆ ಲೋಕದ ಕಣ್ಣು ತೆರೆಯಿತು. ಕನ್ನಡಿಗರಾದ ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಕಾಡಿನಲ್ಲಿ ಕಾದು ತೆಗೆದ ಸೀಳುನಾಯಿಗಳ ಚಿತ್ರ ಸರಣಿ ‘ದಿ ಪ್ಯಾಕ್’ 2010ರಲ್ಲಿ ‘ಹಸಿರು ಆಸ್ಕರ್’ ಎನಿಸಿದ ಪಾಂಡಾ ಪ್ರಶಸ್ತಿ ಪಡೆಯಿತು. ಆದರೂ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ 2015ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಉಳಿದಿದ್ದ ಪ್ರಾಯದ ಸೀಳುನಾಯಿಗಳು 949ರಿಂದ 2,215 ಮಾತ್ರ. ತೋಳದ ಸ್ಥಿತಿಯೂ ಹಿತವಾಗಿಲ್ಲ. ಗೋಮಾಳ, ಹುಲ್ಲುಗಾವಲುಗಳು ಹೋದಂತೆ ಅದೂ ಹೋಗುತ್ತಿದೆ. ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ 1976ರಲ್ಲೇ ತೋಳಗಳಿಗೆಂದು ಅಭಯಾರಣ್ಯ ಮಾಡಿದರು. ನಮ್ಮಲ್ಲಿ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅಂಥ ಒಂದು ತಾಣವಾಗಿದೆ.

ಪ್ರಾಣಿಯನ್ನು ಕಾಯಲು ಕಾಯ್ದೆಯಿದೆ, ಅಭಯಾರಣ್ಯವಿದೆ. ಅದರ ಹೆಸರನ್ನು ಕಾಯುವವರು ಯಾರು? ದೊಡ್ಡ ಕೆಲಸಗಳು ನಡೆದಿಲ್ಲವೆಂದಲ್ಲ. ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳ ನಿಘಂಟನ್ನು ಹೊರತಂದಿತು. ಇದೇ ಸೀಮೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು ಹಳ್ಳಿಯ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಕೇಳಿ, ಬರೆದುಕೊಂಡು, ಪುಸ್ತಕ ಮಾಡಿದರು. ಅವರು ಅಂದು ಬರೆದಿಡದೆ ಹೋಗಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯರೇ ಹೇಳಬಲ್ಲರು.

ನಿಘಂಟುಗಳಿಗೆ ಸಿಗದ ಮಾತುಗಳು ಇನ್ನೂ ಬೇಕಾದಷ್ಟಿವೆ. ಒಂದೇ ಪ್ರಾಣಿಗೆ ಕಟ್ಟಾಯದಲ್ಲಿ ಒಂದು ಹೆಸರು, ಸಕಲೇಶಪುರದ ಮೇಲೆ ಇನ್ನೊಂದು, ಅರಸೀಕೆರೆಯ ಹಟ್ಟಿಯಲ್ಲಿ ಮತ್ತೊಂದು. ತೋಳದ ಹೆಸರನ್ನು ರಾತ್ರಿ ಹೊತ್ತು ಬಾಯಿಬಿಟ್ಟು ಹೇಳಬಾರದೆಂದು ಬೇರೆ ಮಾತಿನಿಂದ ಸೂಚಿಸುವವರೂ ಇದ್ದಾರು. ಸೀಳುನಾಯಿ ಗಿಡಗಂಟಿಗಳ ಮೇಲೆ ಉಚ್ಚೆ ಹೊಯ್ದು, ಅದು ತಗುಲಿದ ಪ್ರಾಣಿಯ ಕಣ್ಣು ಕಾಣದಂತಾದಾಗ ಹಿಡಿಯುತ್ತದೆ ಎಂಬ ನಂಬಿಕೆ ದೇಶದ ಎಷ್ಟೋ ಕಾಡುಗಳ ಜನರಲ್ಲಿದೆ. ಅದು ಪ್ರಾಣಿಶಾಸ್ತ್ರ ಒಪ್ಪುವ ಮಾತಲ್ಲ. ಆದರೆ ಹೆಸರಿನ ಜತೆ ಅಂಟಿಕೊಂಡಿರುವ ನಂಬಿಕೆಯೂ ಪದದ ಚರಿತ್ರೆಗೆ ಸಾಕ್ಷಿಯೇ.

ಶಾಲೆಯ ಮಕ್ಕಳು ಮಾಡಬಹುದಾದ ಕೆಲಸ ಇದು. ದುಡ್ಡು ಬೇಕಿಲ್ಲ, ಒಂದು ನೋಟ್‌ಪುಸ್ತಕ ಸಾಕು. ಮನೆಯಲ್ಲಿರುವ ಅಜ್ಜ, ಅಜ್ಜಿ, ಕುರಿ ಕಾಯ್ದ ಹಿರಿಯರನ್ನು ಕೇಳಿ. ಪ್ರಾಣಿಯ ಹೆಸರನ್ನು ಅವರು ಹೇಳಿದಂತೆಯೇ ಕನ್ನಡದ ಅಕ್ಷರದಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಯಾವ ಊರು, ಹೇಳಿದವರಿಗೆ ವಯಸ್ಸೆಷ್ಟು, ಯಾವ ವರ್ಷ ಕೇಳಿದ್ದು ಎಂಬುದನ್ನು ಸೇರಿಸಿ. ಪ್ರಾಣಿಯ ಬಣ್ಣ ಯಾವುದು, ಬಾಲ ಹೇಗಿತ್ತು, ಊಳಿಡುತ್ತಿತ್ತೋ ಸಿಳ್ಳೆ ಹಾಕುತ್ತಿತ್ತೋ ಎಂದು ವಿಚಾರಿಸಿ. ವಿಲಿಯಮ್ಸನ್ ಇಷ್ಟು ಮಾಡಿದ್ದರೆ ‘ಧೋಲ್’ ಪದದ ವ್ಯಾಜ್ಯ ಎರಡು ಶತಮಾನ ನಡೆಯುತ್ತಿರಲಿಲ್ಲ.

ಆತ ಪುಸ್ತಕದಲ್ಲಿ ಪ್ರಾಣಿಯ ಹೆಸರು ಬರೆದ, ಸೀಮೆಯ ಹೆಸರನ್ನೂ ಬರೆದ. ಆದರೆ ಆ ಹೆಸರು ಯಾವ ಭಾಷೆಯದು, ಕಾಡಿನ ಅಂಚಿನಲ್ಲಿ ನಿಂತು ಬೆರಳು ತೋರಿಸಿ ಅದನ್ನು ಹೇಳಿದವರು ಯಾರು, ತೋರಿಸಿದ್ದು ನಿಜಕ್ಕೂ ಯಾವ ಪ್ರಾಣಿಯನ್ನು ಎಂಬ ಸಾಕ್ಷ್ಯ ನಮಗೆ ದಕ್ಕಲಿಲ್ಲ. ಅವರು ಸ್ಥಳೀಯ ಕುರಿಗಾಹಿಯೋ, ದಕ್ಷಿಣದ ಯುದ್ಧಕ್ಕೆ ಹೋಗಿಬಂದ ಸಿಪಾಯಿಯೋ ಎಂಬುದೊಂದು ತಿಳಿದಿದ್ದರೆ ನಿಘಂಟಿನ ‘ಇರಬಹುದು’ ಎಂಬ ಮಾತು ‘ಹೌದು’ ಎಂದೋ ‘ಅಲ್ಲ’ ಎಂದೋ ಆಗಿರುತ್ತಿತ್ತು. ಅಂಥ ಮಾತು ಬಲ್ಲವರು ಕಟ್ಟಾಯದ ಜಗಲಿಗಳ ಮೇಲೆ ಇನ್ನೂ ಕುಳಿತಿದ್ದಾರೆ. ಈ ಭಾನುವಾರವೇ ಹೋಗಿ ಕೇಳಬಹುದು.